ಮನೆ ಬಿಟ್ಟು ಬಂದವರ ಚರಿತ್ರೆ ಮತ್ತು ನಮ್ಮ ಮಕ್ಕಳು

'ನಿರಾಶ್ರಿತರು' ಎಂಬ ಪದವನ್ನು ಇಂದಿನ ಮಕ್ಕಳು ಪಾಠಪುಸ್ತಕದಲ್ಲಿ ಓದುವ ಮೊದಲೇ ಕೇಳಿರುತ್ತಾರೆ. ದೊಡ್ಡವರು ಟಿ.ವಿ.ಯಲ್ಲಿ ವಾರ್ತೆ ನೋಡುವಾಗ ಅವರು ಅಲ್ಲೇ ಪಕ್ಕದಲ್ಲಿ ಆಡುತ್ತಿರುತ್ತಾರೆ. ಆಡುತ್ತಿದ್ದಾರೆಂದ ಮಾತ್ರಕ್ಕೆ ನೋಡುತ್ತಿಲ್ಲ ಎಂದಲ್ಲ. ಗಾಝಾ, ಸಿರಿಯಾ, ಸುಡಾನ್, ಉಕ್ರೇನ್, ಮ್ಯಾನ್ಮಾರ್ ಎಂಬ ಹೆಸರುಗಳು ಅವರ ಕಿವಿಗೂ ಬೀಳುತ್ತವೆ. ತಲೆಯ ಮೇಲೆ ಗಂಟು ಹೊತ್ತು ಸಾಲುಗಟ್ಟಿ ನಡೆಯುವ ಜನ ಅವರ ಕಣ್ಣಿಗೂ ಬೀಳುತ್ತಾರೆ. ಆಮೇಲೆ ಊಟದ ಹೊತ್ತಿಗೋ ಮಲಗುವ ಹೊತ್ತಿಗೋ ಪ್ರಶ್ನೆ ಬರುತ್ತದೆ: "ಅವರೆಲ್ಲ ಯಾಕೆ ನಡೆದುಕೊಂಡು ಹೋಗ್ತಿದ್ದಾರೆ? ಅವರಿಗೆ ಮನೆ ಇಲ್ವಾ?"

ಸಾಮಾನ್ಯವಾಗಿ ನಾವು ಕೊಡುವ ಉತ್ತರಗಳು ಎರಡು. ಒಂದು, "ಪಾಪ, ಅವರಿಗೆ ಏನೂ ಇಲ್ಲ." ಇನ್ನೊಂದು, "ಅವರು ಹೊರಗಿನವರು, ನುಸುಳಿ ಬಂದವರು." ಮೊದಲನೆಯದರಲ್ಲಿ ಕನಿಕರವಿದೆ, ಎರಡನೆಯದರಲ್ಲಿ ದ್ವೇಷವಿದೆ. ಆದರೆ ಎರಡೂ ಉತ್ತರಗಳು ಒಂದೇ ಸತ್ಯವನ್ನು ಮುಚ್ಚಿಡುತ್ತವೆ. ಆ ಜನರಿಗೆ ಮನೆ ಇತ್ತು. ಬೀದಿ, ಶಾಲೆ, ಅಂಗಡಿ, ಅಜ್ಜಿಯ ಕೋಣೆ, ಜಗಳವಾಡುವ ನೆರೆಮನೆ ಎಲ್ಲವೂ ಇತ್ತು. ಅದನ್ನು ಯಾರೋ ಕಿತ್ತುಕೊಂಡರು. 'ಇಲ್ಲದವರು' ಮತ್ತು 'ಕಳೆದುಕೊಂಡವರು' ಎಂಬ ಎರಡು ಮಾತುಗಳ ನಡುವೆ ಒಂದು ಚರಿತ್ರೆಯೇ ಇದೆ. ಮಗುವಿಗೆ ತಿಳಿಸಬೇಕಾದದ್ದು ಆ ಚರಿತ್ರೆಯನ್ನು.

ನಮ್ಮ ಪದಗಳನ್ನೇ ನೋಡಿ. ಕನ್ನಡದ 'ನಿರಾಶ್ರಿತ' ಎಂದರೆ ಆಶ್ರಯವಿಲ್ಲದವನು. ಉರ್ದುವಿನ 'ಪನಾಹ್‌ಗುಜೀನ್' ಎಂದರೆ ಆಶ್ರಯ ಪಡೆದವನು. ಅರಬಿ ಮೂಲದ 'ಮುಹಾಜಿರ್' ಒಂದು ನೆಲ ತೊರೆದು ಇನ್ನೊಂದಕ್ಕೆ ಹೋದವನು. ಒಂದು ಪದ ಕೊರತೆಯನ್ನು ಹೇಳುತ್ತದೆ, ಇನ್ನೊಂದು ಬಾಗಿಲು ತೆರೆದದ್ದನ್ನು, ಮತ್ತೊಂದು ಪ್ರಯಾಣವನ್ನು. ಬಿಟ್ಟುಬಂದ ಮನೆಯನ್ನು ಹೇಳುವ ಪದ ಮಾತ್ರ ಯಾವ ಭಾಷೆಯಲ್ಲೂ ಸುಲಭಕ್ಕೆ ಸಿಗುವುದಿಲ್ಲ. ಅದನ್ನು ಕಥೆಯಲ್ಲೇ ಹೇಳಬೇಕು.

ಅಂತಹ ಕಥೆಗಾಗಿ ದೂರ ಹೋಗಬೇಕಾಗಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೋಲೆಂಡಿನ ನೂರಾರು ಮಕ್ಕಳು ಗುಜರಾತಿನ ಕಡಲತೀರಕ್ಕೆ ಬಂದು ನಾಲ್ಕು ವರ್ಷ ಬದುಕಿದ್ದರು. ನಮ್ಮ ಶಾಲೆಗಳಲ್ಲಿ ಅಷ್ಟಾಗಿ ಹೇಳದ ಈ ಚರಿತ್ರೆಯಲ್ಲಿ ಮಗುವೊಂದು ಅರ್ಥ ಮಾಡಿಕೊಳ್ಳಬೇಕಾದ ಎಲ್ಲವೂ ಇದೆ.

ಮೊದಲು ಮನೆ ಇತ್ತು

1939ರ ಸೆಪ್ಟೆಂಬರ್ 1ರಂದು ಹಿಟ್ಲರನ ಸೈನ್ಯ ಪಶ್ಚಿಮದಿಂದ ಪೋಲೆಂಡಿಗೆ ನುಗ್ಗಿತು. ಅದೇ ತಿಂಗಳ 17ರಂದು ಸ್ಟಾಲಿನನ ಸೈನ್ಯ ಪೂರ್ವದಿಂದ ನುಗ್ಗಿತು. ಎರಡು ಬಲಿಷ್ಠ ರಾಷ್ಟ್ರಗಳು ಸೇರಿ ಒಂದು ದೇಶವನ್ನು ಹಂಚಿಕೊಂಡವು. ಪೂರ್ವದ ಭಾಗ ಸೋವಿಯತ್ ಹಿಡಿತಕ್ಕೆ ಬಂದಮೇಲೆ 1940ರ ಫೆಬ್ರವರಿಯಿಂದ ಅಲ್ಲಿನ ಕುಟುಂಬಗಳನ್ನು ರೈಲುಗಳಲ್ಲಿ ತುಂಬಿ ಸೈಬೀರಿಯಾ, ಕಝಾಕಿಸ್ತಾನ ಮತ್ತು ರಷ್ಯಾದ ಉತ್ತರದ ಕಾಡುಗಳಿಗೆ ಸಾಗಿಸತೊಡಗಿದರು. ರೈತರು, ಅರಣ್ಯ ನೌಕರರು, ಶಿಕ್ಷಕರು, ಪೊಲೀಸರು ಮತ್ತು ಸೈನಿಕರ ಮನೆಯವರು ಹೀಗೆ ಲಕ್ಷಾಂತರ ಮಂದಿ ಇದಕ್ಕೆ ಒಳಗಾದರು.

ಬದುಕಿ ಉಳಿದವರ ನೆನಪುಗಳಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಬರುತ್ತದೆ. ರಾತ್ರಿಯೋ ನಸುಕಿನಲ್ಲೋ ಬಾಗಿಲು ಬಡಿದ ಸದ್ದು, ಬಂದೂಕು ಹಿಡಿದ ಸೈನಿಕರು, ಸಾಮಾನು ಕಟ್ಟಿಕೊಳ್ಳಲು ಸಿಕ್ಕ ಒಂದಷ್ಟು ನಿಮಿಷಗಳು. ಆ ನಿಮಿಷಗಳಲ್ಲಿ ತಾಯಂದಿರು ಹಾಸಿಗೆ ಹೊದಿಕೆ, ಹಿಟ್ಟು, ಬ್ರೆಡ್ಡು, ದೇವರ ಪಟ, ಮನೆಮಂದಿಯ ಫೋಟೋ ಇಂಥವನ್ನು ಗಂಟು ಕಟ್ಟಿದರು. ಹೊದಿಕೆ ತಂದವರು ಚಳಿಯಿಂದ ಉಳಿದರು. ಆತುರದಲ್ಲಿ ಅದನ್ನು ಮರೆತವರ ಪಾಡು ಕಷ್ಟವಾಯಿತು. ಹೊರಗೆ ಫೆಬ್ರವರಿಯ ಹಿಮ. ದನದ ಹಾಗೆ ತುಂಬಿದ ಗೂಡ್ಸ್ ಬೋಗಿಗಳಲ್ಲಿ ವಾರಗಟ್ಟಲೆ ಪ್ರಯಾಣ.

ಮಗುವಿಗೆ ಈ ಭಾಗವನ್ನು ಹೇಳುವಾಗ ಯುದ್ಧದ ಕಾರಣಗಳನ್ನೆಲ್ಲ ವಿವರಿಸಬೇಕಾಗಿಲ್ಲ. 'ನಿನಗೆ ಹತ್ತು ನಿಮಿಷ ಕೊಟ್ಟು ಒಂದೇ ಚೀಲ ತುಂಬು ಎಂದರೆ ಏನೇನು ಹಾಕುವೆ?' ಎಂದು ಕೇಳಿದರೆ ಸಾಕು. ಆರು ವರ್ಷದ ಮಗು ಮೊದಲು ಗೊಂಬೆ ಎನ್ನುತ್ತದೆ. ಆಮೇಲೆ ಯೋಚಿಸುತ್ತದೆ. ಅಂಗಿ, ನೀರು, ಬಿಸ್ಕತ್ತು, ಅಜ್ಜನ ಮಾತ್ರೆ. ಬೆಕ್ಕನ್ನು ಏನು ಮಾಡುವುದು? ಬೆಕ್ಕಿನ ಹತ್ತಿರ ಬಂದಾಗ ಮಗು ಸುಮ್ಮನಾಗುತ್ತದೆ. ನಿರಾಶ್ರಿತರೆಂದರೆ ಯಾರೆಂಬುದು ಅದಕ್ಕೆ ಅಷ್ಟರಲ್ಲಿ ಅರ್ಧ ತಿಳಿದಿರುತ್ತದೆ.

ದಾರಿಯಲ್ಲಿ ಸಿಕ್ಕ ಬ್ರೆಡ್ಡು

1941ರ ಜೂನ್ 22ರಂದು ಹಿಟ್ಲರ್ ತನ್ನ ಮಿತ್ರನಾಗಿದ್ದ ಸೋವಿಯತ್ ದೇಶದ ಮೇಲೆಯೇ ದಾಳಿ ಮಾಡಿದ. ಆಗ ಸ್ಟಾಲಿನನಿಗೆ ಪೋಲೆಂಡಿನ ಸ್ನೇಹ ಬೇಕಾಯಿತು. ಜುಲೈ 30ರಂದು ಲಂಡನ್ನಿನಲ್ಲಿದ್ದ ಪೋಲಿಷ್ ಸರಕಾರದೊಂದಿಗೆ ಒಪ್ಪಂದವಾಗಿ, ಗಡೀಪಾರಾಗಿದ್ದವರಿಗೆ 'ಕ್ಷಮಾದಾನ' ಘೋಷಿಸಲಾಯಿತು. ಯಾವ ತಪ್ಪನ್ನೂ ಮಾಡದವರಿಗೆ ಕ್ಷಮೆ! ಬಿಡುಗಡೆಯಾದವರು ಚಳಿಯಿಂದ ತಪ್ಪಿಸಿಕೊಳ್ಳಲು ದಕ್ಷಿಣಕ್ಕೆ, ಉಜ್ಬೇಕಿಸ್ತಾನ ಮತ್ತು ತುರ್ಕಮೆನಿಸ್ತಾನದ ಕಡೆಗೆ ಹರಿದು ಬಂದರು. ಅಲ್ಲಿ ಹಸಿವಿತ್ತು, ಟೈಫಸ್ ಜ್ವರವಿತ್ತು. ಸಾವಿರಾರು ತಂದೆ ತಾಯಂದಿರು ಅಲ್ಲೇ ತೀರಿಕೊಂಡರು. ಅನಾಥಾಲಯದಲ್ಲಾದರೂ ಮಕ್ಕಳಿಗೆ ಊಟ ಸಿಗಲಿ ಎಂದು ಬದುಕಿದ್ದ ತಾಯಂದಿರೇ ಕೆಲವರು ಮಕ್ಕಳನ್ನು ಅಲ್ಲಿ ಬಿಟ್ಟರು.

1942ರಲ್ಲಿ ಈ ಜನರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಸೋವಿಯತ್ ನೆಲ ಬಿಟ್ಟು ಹೊರಟರು. ಬಹುಪಾಲು ಜನ ಕಾಸ್ಪಿಯನ್ ಸಮುದ್ರ ದಾಟಿ ಇರಾನಿನ ಪಹ್ಲವಿ ಬಂದರಿನಲ್ಲಿ ಇಳಿದರು. ಇರಾನ್ ಆಗ ಸುಖದಲ್ಲಿದ್ದ ದೇಶವಲ್ಲ. 1941ರ ಆಗಸ್ಟಿನಿಂದ ಬ್ರಿಟಿಷ್ ಮತ್ತು ಸೋವಿಯತ್ ಸೈನ್ಯಗಳು ಅದನ್ನು ಆಕ್ರಮಿಸಿಕೊಂಡಿದ್ದವು. ಧಾನ್ಯಕ್ಕೆ ಅಭಾವವಿತ್ತು. ಆದರೂ ಲಾರಿಗಳಲ್ಲಿ ಹೋಗುತ್ತಿದ್ದ ಮಕ್ಕಳ ಕಡೆಗೆ ಬೀದಿಬದಿಯ ಜನ ಏನನ್ನೋ ಎಸೆದರು, ಕಲ್ಲೆಂದು ಹೆದರಿ ಮಕ್ಕಳು ತಲೆ ತಗ್ಗಿಸಿದರು, ನೋಡಿದರೆ ಅವು ಖರ್ಜೂರಗಳಾಗಿದ್ದವು ಎಂದು ಆ ಮಕ್ಕಳಲ್ಲಿ ಕೆಲವರು ದೊಡ್ಡವರಾದ ಮೇಲೆ ನೆನಪಿಸಿಕೊಂಡಿದ್ದಾರೆ. ಇಸ್ಫಹಾನ್ ನಗರದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪೋಲಿಷ್ ಮಕ್ಕಳಿಗೆ ವಸತಿ, ಶಾಲೆ ನಡೆದವು. 'ಪೋಲಿಷ್ ಮಕ್ಕಳ ನಗರ' ಎಂಬ ಹೆಸರೇ ಆ ಊರಿಗೆ ಬಂತು. ದಾರಿಯ ದಣಿವಿನಿಂದ ಚೇತರಿಸಿಕೊಳ್ಳದೆ ಹೋದವರ ಗೋರಿಗಳು ಟೆಹರಾನಿನ ದೂಲಾಬ್ ಸ್ಮಶಾನದಲ್ಲಿವೆ.

ಹಸಿದು ಬಂದ ಆ ಮಕ್ಕಳು ಹೊಟ್ಟೆ ತುಂಬ ಊಟ ಸಿಕ್ಕ ಮೇಲೂ ಬ್ರೆಡ್ಡಿನ ತುಂಡುಗಳನ್ನು ದಿಂಬಿನ ಕೆಳಗೆ ಬಚ್ಚಿಡುತ್ತಿದ್ದರು. ನಾಳೆ ಸಿಗದಿದ್ದರೆ? ಈ ಒಂದು ಸಂಗತಿ ಚಿಕ್ಕ ಮಗುವಿಗೆ ಹೇಳಲು ತುಂಬ ಯೋಗ್ಯವಾದದ್ದು. ಅಪಾಯ ಕಳೆದರೂ ಭಯ ಒಮ್ಮೆಲೇ ಕಳೆಯುವುದಿಲ್ಲ ಎಂಬುದು ಅದರಿಂದ ತಿಳಿಯುತ್ತದೆ. ಮುಂದೆ ತರಗತಿಯಲ್ಲಿ ಹೊಸ ಹುಡುಗನೊಬ್ಬ ಮೂಲೆಯಲ್ಲಿ ಮಾತಿಲ್ಲದೆ ಕುಳಿತರೆ, ತಿಂಡಿಯನ್ನು ಹಂಚಿಕೊಳ್ಳದೆ ಅವುಚಿಕೊಂಡರೆ, ಅದನ್ನು ಜಿಪುಣತನ ಎಂದುಕೊಳ್ಳದ ಮನಸ್ಸು ಇಂತಹ ಕಥೆಗಳಿಂದ ಬೆಳೆಯುತ್ತದೆ.

ಬಾಲಾಚಡಿಯ ಬಾಪು

ಸಮುದ್ರ ಮಾರ್ಗಕ್ಕಿಂತ ಬೇರೆಯಾಗಿ ಒಂದು ಗುಂಪು ನೆಲದ ದಾರಿಯಲ್ಲಿ ಭಾರತಕ್ಕೆ ಬಂತು. ಸೋವಿಯತ್ ನೆಲದಲ್ಲಿದ್ದ ಪೋಲಿಷ್ ಜನರಿಗೆ ಔಷಧಿ, ಬಟ್ಟೆ, ಆಹಾರ ಕೊಂಡೊಯ್ದ ಲಾರಿಗಳು ವಾಪಸು ಬರುವಾಗ ಅಶ್ಖಾಬಾದಿನ ಅನಾಥಾಲಯದ ಮಕ್ಕಳನ್ನು ಹತ್ತಿಸಿಕೊಂಡವು. ಇರಾನಿನ ಮಶ್‌ಹದ್, ಜಾಹಿದಾನ್ ದಾಟಿ, ಮರುಭೂಮಿ ಮತ್ತು ಬೆಟ್ಟಗಳ ದಾರಿಯಲ್ಲಿ ಕ್ವೆಟ್ಟಾಕ್ಕೆ ಬಂದು, ಅಲ್ಲಿಂದ ಮುಂದೆ ಮುಂಬಯಿಗೆ ಅವರು ತಲುಪಿದ್ದು 1942ರ ಬೇಸಿಗೆಯಲ್ಲಿ. ಮುಂಬಯಿಯಲ್ಲಿದ್ದ ಪೋಲಿಷ್ ಕಾನ್ಸುಲ್ ಜನರಲ್ ಪತ್ನಿ ಕಿರಾ ಬನಾಸಿನ್ಸ್ಕಾ ಈ ಕೆಲಸದಲ್ಲಿ ಹಗಲಿರುಳು ದುಡಿದವರು.

ಈ ಮಕ್ಕಳಿಗೆ ಜಾಗ ಕೊಟ್ಟವರು ನವಾನಗರದ, ಅಂದರೆ ಇಂದಿನ ಜಾಮ್‌ನಗರದ ಮಹಾರಾಜ ಜಾಮ್‌ಸಾಹೇಬ್ ದಿಗ್ವಿಜಯಸಿಂಹಜಿ. ಕ್ರಿಕೆಟ್ ಆಟದಿಂದ ಪ್ರಸಿದ್ಧರಾದ ರಣಜಿತ್‌ಸಿಂಹಜಿಯವರ ಸಹೋದರನ ಮಗ. ಬ್ರಿಟಿಷ್ ಯುದ್ಧ ಸಂಪುಟದ ಸಭೆಗಳಿಗೆ ಹೋಗಿದ್ದ ಅವರಿಗೆ ಪೋಲಿಷ್ ಮಕ್ಕಳ ಸ್ಥಿತಿ ತಿಳಿದಿತ್ತು. ಬಾಲಾಚಡಿ ಎಂಬ ಕಡಲತೀರದಲ್ಲಿ, ತಮ್ಮ ಬೇಸಿಗೆ ಅರಮನೆಯ ಹತ್ತಿರವೇ ವಸತಿಗೃಹಗಳನ್ನು ಕಟ್ಟಿಸಿದರು. 1942ರ ಜುಲೈಯಲ್ಲಿ ಮಕ್ಕಳು ಅಲ್ಲಿಗೆ ಬಂದರು. ನೀವಿನ್ನು ಅನಾಥರಲ್ಲ, ನಾನು ಈ ನಾಡಿನವರಿಗೆಲ್ಲ ಬಾಪು, ನಿಮಗೂ ಬಾಪು ಎಂಬರ್ಥದ ಮಾತನ್ನು ಅವರು ಹೇಳಿದರೆಂದು ಅಲ್ಲಿ ಬೆಳೆದವರು ಮುಪ್ಪಿನವರೆಗೂ ನೆನೆದಿದ್ದಾರೆ.

ಅವರು ಮಾಡಿದ ಇನ್ನೊಂದು ಕೆಲಸ ಇದಕ್ಕಿಂತ ದೊಡ್ಡದು. ಮಕ್ಕಳನ್ನು ಅವರು ಭಾರತೀಯರನ್ನಾಗಿ ಮಾಡಲು ಹೋಗಲಿಲ್ಲ. ಪೋಲಿಷ್ ಭಾಷೆಯ ಶಾಲೆ, ಪೋಲಿಷ್ ಪುಸ್ತಕಗಳು, ಕ್ಯಾಥೊಲಿಕ್ ಪ್ರಾರ್ಥನೆ, ಸ್ಕೌಟ್ ತಂಡ, ಫುಟ್ಬಾಲು, ನಾಟಕ ಎಲ್ಲಕ್ಕೂ ಅವಕಾಶವಿತ್ತು. ಶಿಬಿರದ ಹೊಣೆ ಹೊತ್ತವರು ಪೋಲಿಷ್ ಪಾದ್ರಿ ಫ್ರಾನ್ಸಿಶೆಕ್ ಪ್ಲೂತಾ. ಒಬ್ಬ ಹಿಂದೂ ರಾಜ, ಕ್ರೈಸ್ತ ಮಕ್ಕಳು, ಅವರು ದಾಟಿ ಬಂದ ಮುಸ್ಲಿಂ ನಾಡುಗಳು. ಧರ್ಮದ ಹೆಸರಿನಲ್ಲಿ ಯಾರೂ ಯಾರನ್ನೂ ಬದಲಾಯಿಸಲು ನೋಡಲಿಲ್ಲ. ಮಕ್ಕಳು ತಮ್ಮ ಹಾಡುಗಳನ್ನೂ ಹಬ್ಬಗಳನ್ನೂ ಉಳಿಸಿಕೊಂಡರು.

ಮಕ್ಕಳು ಕೇಳಿ ನಗುವ ಪ್ರಸಂಗವೂ ಒಂದಿದೆ. ಅಡುಗೆಮನೆಯಲ್ಲಿ ಪದೇ ಪದೇ ಮಾಡುತ್ತಿದ್ದ ಪಾಲಕ್ ಸೊಪ್ಪು ಮಕ್ಕಳಿಗೆ ಹಿಡಿಸದೆ ಅವರು ಊಟವನ್ನೇ ಬಿಟ್ಟು ಮುಷ್ಕರ ಹೂಡಿದರಂತೆ. ಸುದ್ದಿ ತಿಳಿದ ಜಾಮ್‌ಸಾಹೇಬರು ಇನ್ನು ಮುಂದೆ ಆ ಸೊಪ್ಪು ಬೇಡ ಎಂದು ಅಡುಗೆಯವರಿಗೆ ಹೇಳಿದರಂತೆ. ಹಿರಿಯರಿಗೆ ಇದು ಸಣ್ಣ ಸಂಗತಿ. ಆದರೆ ಆಶ್ರಯ ಪಡೆದವರು ಕೊಟ್ಟದ್ದನ್ನು ತೆಪ್ಪಗೆ ತಿನ್ನಬೇಕು, ಸದಾ ಕೈಮುಗಿದು ನಿಲ್ಲಬೇಕು ಎಂದು ನಾವು ಒಳಗೊಳಗೇ ನಂಬಿರುತ್ತೇವೆ. ಬಾಲಾಚಡಿಯಲ್ಲಿ ಮಕ್ಕಳು ಹಟ ಮಾಡಬಹುದಿತ್ತು. ಹಟ ಮಾಡುವ ಸ್ವಾತಂತ್ರ್ಯ ಸಿಕ್ಕ ಜಾಗವನ್ನೇ ಮಗು ಮನೆ ಎಂದು ಕರೆಯುವುದು.

ಈ ಔದಾರ್ಯದ ಕಾಲ ಎಂಥದೆಂಬುದನ್ನೂ ಮರೆಯಬಾರದು. 1942 ಭಾರತ ಬಿಟ್ಟು ತೊಲಗಿ ಚಳವಳಿಯ ವರ್ಷ. ಮರುವರ್ಷವೇ ಬಂಗಾಳದ ಕ್ಷಾಮದಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಖರ್ಚಿನ ಹೊರೆಯನ್ನು ಲಂಡನ್ನಿನ ಪೋಲಿಷ್ ಸರಕಾರ ಹೊತ್ತಿತು, ಇಲ್ಲಿನ ರಾಜರೂ ಉದ್ಯಮಿಗಳೂ ದೇಣಿಗೆ ಕೊಟ್ಟರು ಎಂಬುದು ನಿಜ. ಆದರೂ ತನ್ನದೇ ಸ್ವಾತಂತ್ರ್ಯವಿಲ್ಲದ ದೇಶವೊಂದು ಪರರ ಮಕ್ಕಳಿಗೆ ಜಾಗ ಮಾಡಿಕೊಟ್ಟಿತು.

ಇದೇ ಯುದ್ಧದ ಮುನ್ನಾ ದಿನಗಳಲ್ಲಿ ಸಿರಿವಂತ ದೇಶಗಳು ಹೇಗೆ ನಡೆದುಕೊಂಡವು? 1939ರ ಮೇ ತಿಂಗಳಲ್ಲಿ 'ಸೇಂಟ್ ಲೂಯಿ' ಎಂಬ ಹಡಗು ಒಂಬೈನೂರಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊತ್ತು ಜರ್ಮನಿಯಿಂದ ಕ್ಯೂಬಾಕ್ಕೆ ಹೋಯಿತು. ಅವರಲ್ಲಿ ಬಹುತೇಕರು ಯಹೂದಿಗಳು. ಕ್ಯೂಬಾ ಬಹುತೇಕ ಯಾರನ್ನೂ ಇಳಿಸಿಕೊಳ್ಳಲಿಲ್ಲ. ಅಮೆರಿಕ, ಕೆನಡಾಗಳೂ ಬಾಗಿಲು ತೆರೆಯಲಿಲ್ಲ. ಹಡಗು ಯುರೋಪಿಗೆ ಮರಳಿತು. ಅದರಲ್ಲಿದ್ದ 254 ಮಂದಿ ಮುಂದೆ ನಾಜಿಗಳ ಕೈಯಲ್ಲಿ ಸತ್ತರು.

ಮರಳಲಾಗದ ಊರು

ಯುದ್ಧ ಮುಗಿಯಿತು, ಮಕ್ಕಳು ಮನೆಗೆ ಹೋದರು ಎಂದು ಕಥೆ ಮುಗಿಸಿದರೆ ಚೆನ್ನಾಗಿತ್ತು. ಹಾಗಾಗಲಿಲ್ಲ. 1945ರಲ್ಲಿ ಯಾಲ್ಟಾದಲ್ಲಿ ಗೆದ್ದ ರಾಷ್ಟ್ರಗಳ ನಾಯಕರು ಕುಳಿತು ಪೋಲೆಂಡಿನ ಪೂರ್ವ ಭಾಗವನ್ನು ಸೋವಿಯತ್ ಒಕ್ಕೂಟಕ್ಕೆ ಬಿಟ್ಟುಕೊಡಲು ಒಪ್ಪಿದರು. ಈ ಮಕ್ಕಳ ಊರುಗಳಲ್ಲಿ ಬಹುಪಾಲು ಆ ಭಾಗದಲ್ಲಿದ್ದವು. ಮನೆ ಅಲ್ಲೇ ಇದೆ, ದೇಶ ಮಾತ್ರ ಬದಲಾಗಿದೆ!

1946ರಲ್ಲಿ ಬಾಲಾಚಡಿಯ ಶಿಬಿರ ಮುಚ್ಚಿತು. ಉಳಿದ ಮಕ್ಕಳನ್ನು ಕೊಲ್ಹಾಪುರದ ಬಳಿಯ ವಳಿವಡೆಗೆ ಕರೆದೊಯ್ದರು. ನಮ್ಮ ಬೆಳಗಾವಿಯಿಂದ ಸುಮಾರು ನೂರು ಕಿಲೋಮೀಟರ್ ದೂರದ ಈ ಸ್ಥಳದಲ್ಲಿ 1943ರಿಂದ 1948ರವರೆಗೆ ಐದು ಸಾವಿರದಷ್ಟು ಪೋಲಿಷ್ ಜನ, ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು, ಒಂದು ಪುಟ್ಟ ಊರನ್ನೇ ಕಟ್ಟಿಕೊಂಡಿದ್ದರು. ಶಾಲೆ, ಚರ್ಚು, ಆಸ್ಪತ್ರೆ ಎಲ್ಲವೂ ಅಲ್ಲಿತ್ತು. ಆಮೇಲೆ ಅವರಲ್ಲಿ ಕೆಲವರು ಪೋಲೆಂಡಿಗೆ ಮರಳಿದರು. ಹಲವರು ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ, ಅಮೆರಿಕಗಳಿಗೆ ಚದುರಿಹೋದರು.

ಜಾಮ್‌ಸಾಹೇಬರು 1966ರಲ್ಲಿ ತೀರಿಕೊಂಡರು. ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ ಅವರ ಹೆಸರಿನ ಶಾಲೆಯಿದೆ. ಅಲ್ಲಿನ ಒಂದು ಚೌಕಕ್ಕೆ 'ಒಳ್ಳೆಯ ಮಹಾರಾಜನ ಚೌಕ' ಎಂದು ಹೆಸರಿಡಲಾಗಿದೆ.

ನಮ್ಮ ನೆರೆಯಲ್ಲೇ

ದೂರದ ಕಥೆಯನ್ನು ಕೇಳಿದ ಮಗುವಿಗೆ ಹತ್ತಿರದ್ದನ್ನೂ ತೋರಿಸಬೇಕು. ಮೈಸೂರಿನಿಂದ ಮಡಿಕೇರಿಗೆ ಹೋಗುವ ದಾರಿಯಲ್ಲಿ ಸಿಗುವ ಬೈಲಕುಪ್ಪೆಗೆ ಅನೇಕ ಶಾಲೆಗಳ ಮಕ್ಕಳು ಪ್ರವಾಸ ಹೋಗುತ್ತಾರೆ. ಚಿನ್ನದ ಬಣ್ಣದ ಬುದ್ಧನನ್ನು ನೋಡಿ, ಫೋಟೋ ತೆಗೆಸಿಕೊಂಡು ಬಸ್ಸು ಹತ್ತುತ್ತಾರೆ. ಆ ಬೌದ್ಧವಿಹಾರ ಅಲ್ಲೇಕೆ ಇದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. 1959ರ ಮಾರ್ಚಿನಲ್ಲಿ ದಲಾಯಿ ಲಾಮಾ ಟಿಬೆಟನ್ನು ತೊರೆದು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮಾಲಯ ದಾಟಿದರು. ಅವರಲ್ಲಿ ಎಷ್ಟೋ ಮಂದಿ ಮೊದಲು ಬೆಟ್ಟಗಳಲ್ಲಿ ರಸ್ತೆ ಕಡಿಯುವ ಕೂಲಿ ಮಾಡಿದರು. ಮಕ್ಕಳು ರಸ್ತೆಬದಿಯ ಡೇರೆಗಳಲ್ಲಿ ಕಾಯಿಲೆ ಬಿದ್ದಾಗ, ಹಾಗೆ ನರಳುತ್ತಿದ್ದ 51 ಮಕ್ಕಳನ್ನು ತಂದು 1960ರ ಮೇ ತಿಂಗಳಲ್ಲಿ ಧರ್ಮಶಾಲಾದಲ್ಲಿ ಒಂದು ಶಿಶುಪಾಲನಾ ಕೇಂದ್ರ ತೆರೆದರು. ದಲಾಯಿ ಲಾಮಾರ ಅಕ್ಕ ತ್ಸೆರಿಂಗ್ ಡೊಲ್ಮಾ ಅದರ ಹೊಣೆ ಹೊತ್ತರು.

ಮೈಸೂರು ರಾಜ್ಯ ಸರಕಾರ ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿ ಕೊಟ್ಟಿತು. 1960ರ ಕೊನೆಯಿಂದ ಜನ ಬಂದು ನೆಲೆಸತೊಡಗಿದರು. ಅದು ಆಗ ಕಾಡು. ಬಿದಿರಿನ ಗುಡಿಸಲು, ಆನೆಯ ಕಾಟ. ಹಿಮದ ನಾಡಿನವರಿಗೆ ಇಲ್ಲಿನ ಬಿಸಿಲೇ ಕಾಯಿಲೆ. ಕಾಡು ಕಡಿದು ಮೆಕ್ಕೆಜೋಳ ಬೆಳೆದರು, ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿದರು. ಮುಂದೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲಗಳ ಕಡೆಯೂ ವಸತಿಗಳಾದವು. ಅಲ್ಲಿ ಹುಟ್ಟಿ ಬೆಳೆದ ಯುವಕರು ಕನ್ನಡ ಮಾತಾಡುತ್ತಾರೆ, ಆದರೆ ಎಷ್ಟೋ ಜನರ ಕೈಯಲ್ಲಿ ಇಂದಿಗೂ ಇರುವುದು ನವೀಕರಿಸುತ್ತಲೇ ಇರಬೇಕಾದ ವಿದೇಶಿಯರ ನೋಂದಣಿ ಪತ್ರ.

ಸುಳ್ಯ, ಪುತ್ತೂರು ಕಡೆಯ ಮಕ್ಕಳಿಗೆ ಇನ್ನೊಂದು ಉದಾಹರಣೆ ಇದೆ. ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ದುಡಿಯುವ ತಮಿಳು ಕುಟುಂಬಗಳ ಹಿರಿಯರು ಶ್ರೀಲಂಕಾದ ಚಹಾ ತೋಟಗಳಿಂದ ಬಂದವರು. 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದಲ್ಲಿ 5 ಲಕ್ಷ 25 ಸಾವಿರ ಜನರನ್ನು ಭಾರತ ತೆಗೆದುಕೊಳ್ಳುವುದೆಂದು ಎರಡು ಸರಕಾರಗಳು ಲೆಕ್ಕ ಹಾಕಿದವು. ಕಾಗದದ ಮೇಲೆ ಅವರು 'ಸ್ವದೇಶಕ್ಕೆ ಮರಳಿದವರು'. ಅವರಲ್ಲಿ ಅನೇಕರು ಹುಟ್ಟಿದ್ದೇ ಅಲ್ಲಿ. ಈ 'ಸ್ವದೇಶ'ವನ್ನು ಅವರು ಮೊದಲ ಸಲ ಕಂಡದ್ದು ಹಡಗಿನಿಂದ ಇಳಿದ ಮೇಲೆ. ಕಾನೂನು ಅವರನ್ನು ನಿರಾಶ್ರಿತರೆಂದು ಕರೆಯದಿರಬಹುದು, ಕಳೆದುಕೊಂಡ ಊರಿನ ನೋವು ಬೇರೆಯಾಗಿರಲಿಲ್ಲ.

ಲಿಂಗನಮಕ್ಕಿ, ಆಲಮಟ್ಟಿಯ ಸುತ್ತಮುತ್ತ 'ಮುಳುಗಡೆ' ಎಂಬ ಪದ ಕೇಳಿ ಬೆಳೆದ ಮಕ್ಕಳಿಗೆ ಈ ನೋವು ಬೇಗ ಅರ್ಥವಾದೀತು. ಆದರೆ ಒಂದು ವ್ಯತ್ಯಾಸವನ್ನೂ ಹೇಳಬೇಕು. ಮುಳುಗಡೆಯವರು ಊರು ಕಳೆದುಕೊಂಡರು, ಅಹವಾಲು ಹೇಳಲು ಅವರದೇ ಸರಕಾರ ಉಳಿದಿತ್ತು. ನಿರಾಶ್ರಿತರಿಗೆ ಅದೂ ಉಳಿದಿರುವುದಿಲ್ಲ.

ಬೆನ್ನು ತಿರುಗಿಸಿ ನಿಂತ ಹುಡುಗ

ಮಕ್ಕಳೇ ನಿರಾಶ್ರಿತರ ಕಥೆ ಹೇಳಿದ ಉದಾಹರಣೆಯೂ ಇದೆ. 1948ರಲ್ಲಿ ಇಸ್ರೇಲ್ ಸ್ಥಾಪನೆಯ ಹೊತ್ತಿನ ಯುದ್ಧದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ತೀನಿಯರು ಮನೆ ಕಳೆದುಕೊಂಡರು. ಕೆಲವೇ ದಿನಗಳಲ್ಲಿ ಮರಳುತ್ತೇವೆ ಎಂದು ಬೀಗ ಹಾಕಿ ಕೀಲಿಕೈ ಜೇಬಿಗಿಟ್ಟುಕೊಂಡು ಹೊರಟವರ ಮೊಮ್ಮಕ್ಕಳು ಇಂದಿಗೂ ಆ ಕೀಲಿಗಳನ್ನು ಇಟ್ಟುಕೊಂಡಿದ್ದಾರೆ. ಗಲಿಲಿಯ ಅಲ್-ಶಜರಾ ಎಂಬ ಹಳ್ಳಿಯಿಂದ ಹಾಗೆ ಹೊರಟ ಹತ್ತು ವರ್ಷದ ಹುಡುಗನೊಬ್ಬ ಲೆಬನಾನಿನ ಐನ್ ಅಲ್-ಹಿಲ್ವೆ ಶಿಬಿರದಲ್ಲಿ ಬೆಳೆದ. ಅವನೇ ಮುಂದೆ ವ್ಯಂಗ್ಯಚಿತ್ರಕಾರ ನಾಜಿ ಅಲ್-ಅಲಿ.

1969ರಲ್ಲಿ ಕುವೈತಿನ ಪತ್ರಿಕೆಯೊಂದರಲ್ಲಿ ಅವರು 'ಹಂದಲಾ' ಎಂಬ ಹುಡುಗನನ್ನು ಚಿತ್ರಿಸಿದರು. ಬರಿಗಾಲು, ತೇಪೆ ಹಾಕಿದ ಬಟ್ಟೆ, ಮುಳ್ಳಿನಂಥ ಕೂದಲು. ಸ್ವಲ್ಪ ಕಾಲದ ನಂತರ ಅವನು ಲೋಕಕ್ಕೆ ಬೆನ್ನು ತಿರುಗಿಸಿ, ಕೈಗಳನ್ನು ಹಿಂದೆ ಕಟ್ಟಿ ನಿಂತುಬಿಟ್ಟ. ಅವನಿಗೆ ಸದಾ ಹತ್ತು ವರ್ಷ, ತನ್ನ ಊರಿಗೆ ಮರಳಿದ ಮೇಲೆಯೇ ಅವನು ಬೆಳೆಯುವುದು ಎಂದು ನಾಜಿ ಹೇಳುತ್ತಿದ್ದರು. 1987ರಲ್ಲಿ ಲಂಡನ್ನಿನಲ್ಲಿ ಅವರ ಮೇಲೆ ಗುಂಡು ಹಾರಿಸಲಾಯಿತು. ಅದೇ ಆಗಸ್ಟಿನಲ್ಲಿ ಅವರು ತೀರಿಕೊಂಡರು. ಹಂದಲಾ ಇನ್ನೂ ಬೆನ್ನು ತಿರುಗಿಸಿಯೇ ನಿಂತಿದ್ದಾನೆ. ಈ ಚಿತ್ರವನ್ನು ಮಗುವಿಗೆ ತೋರಿಸಿ, ಇವನ ಮುಖ ಹೇಗಿರಬಹುದು, ಒಂದು ಚಿತ್ರ ಬರೆ ಎಂದು ಹೇಳಿ ನೋಡಿ. ಉದ್ದುದ್ದ ಭಾಷಣಕ್ಕಿಂತ ಅದು ಹೆಚ್ಚು ಕಲಿಸುತ್ತದೆ.

ಮಕ್ಕಳಿಗಾಗಿಯೇ ಇಂತಹ ಪ್ರಯತ್ನಗಳು ಈಚೆಗೂ ನಡೆದಿವೆ. 2021ರಲ್ಲಿ 'ಪುಟ್ಟ ಅಮಲ್' ಎಂಬ ಮೂರೂವರೆ ಮೀಟರ್ ಎತ್ತರದ ಗೊಂಬೆ, ಒಂಬತ್ತು ವರ್ಷದ ಸಿರಿಯನ್ ಬಾಲಕಿಯ ರೂಪದಲ್ಲಿ, ತುರ್ಕಿಯ ಗಾಜಿಯಾಂತೆಪ್‌ನಿಂದ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ವರೆಗೆ ಊರಿಂದೂರಿಗೆ ಸಾಗಿತು. ಅಮಲ್ ಎಂದರೆ ಅರಬಿಯಲ್ಲಿ ಭರವಸೆ. ಬಾಂಗ್ಲಾದೇಶದ ಕಾಕ್ಸ್ ಬಜಾರ್ ಶಿಬಿರಗಳ ಮಕ್ಕಳಿಗಾಗಿ 'ಸೆಸಮಿ' ಸಂಸ್ಥೆ 2020ರಲ್ಲಿ ನೂರ್ ಮತ್ತು ಅಜೀಜ್ ಎಂಬ ಅವಳಿ ರೋಹಿಂಗ್ಯಾ ಗೊಂಬೆಗಳನ್ನು ರೂಪಿಸಿತು. ಶಿಬಿರದ ಮಗು ಪರದೆಯ ಮೇಲೆ ತನ್ನ ಭಾಷೆಯನ್ನು ಕೇಳಿತು.

ಕಠಿಣ ಪ್ರಶ್ನೆಗಳು

ಇಷ್ಟೆಲ್ಲ ಹೇಳಿದ ಮೇಲೆ ಮಗು ಸುಮ್ಮನಿರುವುದಿಲ್ಲ. 'ನಮಗೂ ಹೀಗಾಗುತ್ತದಾ?' ಎಂದು ಕೇಳುತ್ತದೆ. ಮೊದಲು ಅದರ ಭಯವನ್ನು ಕಳೆಯಬೇಕು. ಈಗ ನೀನು ಮನೆಯಲ್ಲಿದ್ದೀಯ, ನಾವು ಜೊತೆಗಿದ್ದೇವೆ ಎಂಬ ಮಾತು ಕಥೆಗಿಂತ ಮುಖ್ಯ. ಈ ಕಾರಣಕ್ಕಾಗಿಯೇ ಚಿಕ್ಕವರಿಗೆ ಹೆಣಗಳ ಚಿತ್ರ ತೋರಿಸಬಾರದು. 2015ರಲ್ಲಿ ತುರ್ಕಿಯ ಕಡಲತೀರದಲ್ಲಿ ಬೋರಲಾಗಿ ಬಿದ್ದಿದ್ದ ಸಿರಿಯನ್ ಮಗುವಿನ ಚಿತ್ರ ದೊಡ್ಡವರ ಮನಸ್ಸಾಕ್ಷಿಯನ್ನು ಕಲಕಲೆಂದು ಪ್ರಕಟವಾಯಿತು. ಐದು ವರ್ಷದ ಮಗುವಿಗೆ ಅದರಿಂದ ಸಿಗುವುದು ಕೆಟ್ಟ ಕನಸು ಮಾತ್ರ.

'ಅವರನ್ನು ಓಡಿಸಿದ್ದು ಯಾರು?' ಎಂಬುದು ಎರಡನೆಯ ಪ್ರಶ್ನೆ. ಇಲ್ಲಿ ಎಚ್ಚರ ಬೇಕು. ಜರ್ಮನ್ನರು, ರಷ್ಯನ್ನರು, ಯಹೂದಿಗಳು, ಬೌದ್ಧರು ಎಂದು ಒಂದು ಜನಾಂಗದ ಹೆಸರು ಹೇಳಿದರೆ ಮಗುವಿನ ಮನಸ್ಸಿನಲ್ಲಿ ಹೊಸ ದ್ವೇಷವೊಂದನ್ನು ಬಿತ್ತಿದಂತೆ. ಓಡಿಸಿದ್ದು ಸರಕಾರಗಳು, ಸೈನ್ಯಗಳು, ಅವುಗಳ ಆಜ್ಞೆ. ಸೇಂಟ್ ಲೂಯಿ ಹಡಗಿನಲ್ಲಿ ಬಾಗಿಲು ಬಾಗಿಲಿಗೆ ಅಲೆದವರು ಯಹೂದಿಗಳು, ಒಂಬತ್ತೇ ವರ್ಷಗಳ ನಂತರ ಪ್ಯಾಲೆಸ್ತೀನಿನಲ್ಲಿ ಕೀಲಿಕೈ ಹಿಡಿದು ಹೊರಟವರು ಅರಬರು. ಟಿಬೆಟಿನಿಂದ ಓಡಿ ಬಂದವರು ಬೌದ್ಧರು, ಬೌದ್ಧರು ಬಹುಸಂಖ್ಯಾತರಾದ ಮ್ಯಾನ್ಮಾರಿನಿಂದ 2017ರ ಆಗಸ್ಟಿನ ನಂತರ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಓಡಬೇಕಾಯಿತು. ಕಷ್ಟಕ್ಕೆ ಒಂದು ಧರ್ಮವಿಲ್ಲ ಎಂಬುದನ್ನು ಮಕ್ಕಳು ನಮಗಿಂತ ಬೇಗ ಒಪ್ಪುತ್ತಾರೆ.

ಮೂರನೆಯದು ಎಲ್ಲಕ್ಕಿಂತ ಕಠಿಣ: 'ಇವರಿಗೆ ಬಾಗಿಲು ತೆಗೆದರು, ಅವರಿಗೆ ಯಾಕೆ ತೆಗೆಯಲಿಲ್ಲ?' ಅಂದು ತನ್ನ ಮಕ್ಕಳನ್ನು ಇರಾನಿಗೂ ಭಾರತಕ್ಕೂ ಕಳುಹಿಸಿದ್ದ ಪೋಲೆಂಡ್ 2022ರಲ್ಲಿ ಯುದ್ಧದಿಂದ ಓಡಿ ಬಂದ ಲಕ್ಷಾಂತರ ಉಕ್ರೇನಿಯರನ್ನು ಮನೆಮನೆಗೆ ಕರೆದುಕೊಂಡಿತು. ಅದಕ್ಕೆ ಕೆಲವೇ ತಿಂಗಳ ಮೊದಲು, 2021ರ ಚಳಿಯಲ್ಲಿ, ಬೆಲಾರುಸ್ ಗಡಿಯ ಕಾಡಿನಲ್ಲಿ ನಿಂತಿದ್ದ ಇರಾಕ್, ಸಿರಿಯಾ, ಅಫ್ಘಾನಿಸ್ತಾನದ ಕುಟುಂಬಗಳನ್ನು ಅದೇ ದೇಶ ಹಿಂದಕ್ಕೆ ತಳ್ಳಿತು. ಬಾಲಾಚಡಿಯ, ಬೈಲಕುಪ್ಪೆಯ ಭಾರತ 2018ರಲ್ಲಿ ಏಳು ಮಂದಿ ರೋಹಿಂಗ್ಯಾಗಳನ್ನು ಮ್ಯಾನ್ಮಾರಿಗೆ ಒಪ್ಪಿಸಿತು. ನಿರಾಶ್ರಿತರ ಕುರಿತ 1951ರ ಅಂತಾರಾಷ್ಟ್ರೀಯ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ, ಅವರಿಗಾಗಿ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ಹೀಗಾಗಿ ಯಾರಿಗೆ ಆಶ್ರಯ ಎಂಬುದು ಆಯಾ ಕಾಲದ ಆಳುವವರ ಮನಸ್ಸಿಗೆ ಬಿಟ್ಟ ವಿಷಯವಾಗಿಬಿಡುತ್ತದೆ. ಮಗುವಿಗೆ ಇದನ್ನೆಲ್ಲ ವಿವರಿಸಲಾಗದು. 'ಅದು ನ್ಯಾಯವಲ್ಲ' ಎಂಬ ಅದರ ಮಾತನ್ನು ಒಪ್ಪಿಕೊಳ್ಳಲಿಕ್ಕಂತೂ ಆಗುತ್ತದೆ. ಸುಳ್ಳು ಸಮಾಧಾನ ಹೇಳಿ ಆ ನ್ಯಾಯಪ್ರಜ್ಞೆಯನ್ನು ಚಿವುಟಬಾರದು.

2024ರ ಕೊನೆಗೆ ಲೋಕದಲ್ಲಿ 12 ಕೋಟಿಗೂ ಹೆಚ್ಚು ಜನ ಬಲವಂತವಾಗಿ ಮನೆ ಬಿಟ್ಟವರಿದ್ದರು ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಲೆಕ್ಕ ಕೊಟ್ಟಿದೆ. ಅವರಲ್ಲಿ ಅನೇಕರು ತಮ್ಮ ದೇಶದೊಳಗೇ ಅಲೆಯುತ್ತಿರುವವರು. ಹತ್ತರಲ್ಲಿ ನಾಲ್ವರು ಮಕ್ಕಳು. ಈ ಸಂಖ್ಯೆ ಪುಟ್ಟ ಮಗುವಿಗೆ ಏನನ್ನೂ ಹೇಳುವುದಿಲ್ಲ. ದಿಂಬಿನ ಕೆಳಗಿನ ಬ್ರೆಡ್ಡಿನ ತುಂಡು ಹೇಳುತ್ತದೆ, ಕೀಲಿಕೈ ಹೇಳುತ್ತದೆ, ತಿನ್ನದೆ ಬಿಟ್ಟ ಸೊಪ್ಪು ಹೇಳುತ್ತದೆ.

ಬಾಲಾಚಡಿಯ ಶಿಬಿರವಿದ್ದ ಜಾಗದಲ್ಲಿ ಈಗ ಸೈನಿಕ ಶಾಲೆಯಿದೆ. ಅಲ್ಲಿ ಬೆಳೆದವರು ಮುಪ್ಪಿನಲ್ಲೂ ಅದನ್ನು ನೋಡಲು ಹುಡುಕಿಕೊಂಡು ಬಂದಿದ್ದಾರೆ. ಜೀವನದಲ್ಲಿ ನಾಲ್ಕೇ ವರ್ಷ ಕಳೆದ ಜಾಗವದು. ಆಶ್ರಯ ಕೊಟ್ಟವರಿಗೆ ಅದು ಮರೆತುಹೋಗಬಹುದು, ಪಡೆದವರಿಗೆ ಮರೆಯುವುದಿಲ್ಲ. ತಳ್ಳಿದ್ದೂ ಹಾಗೆಯೇ. ನಾಳೆ ನಮ್ಮ ಮಕ್ಕಳ ತರಗತಿಗೆ, ಬೀದಿಗೆ, ಬಾಡಿಗೆ ಮನೆಗೆ ಬೇರೆ ಭಾಷೆಯ, ಬೇರೆ ಉಡುಪಿನ ಒಂದು ಕುಟುಂಬ ಗಂಟುಮೂಟೆ ಇಳಿಸಿದಾಗ, 'ಇವರು ಯಾರು?' ಎಂದು ಕೇಳುವ ಬದಲು 'ನಿಮ್ಮ ಊರು ಹೇಗಿತ್ತು?' ಎಂದು ಕೇಳುವಷ್ಟನ್ನು ಈ ಚರಿತ್ರೆ ಅವರಿಗೆ ಕಲಿಸಿದರೆ ಸಾಕು. ಕಲಿಸಬೇಕಾದ ನಾವೂ ಅಷ್ಟನ್ನು ಕಲಿತಿರಬೇಕು.